ಮದುವೆ ಪತ್ರಿಕೆಯ ಬಿ.ಎ.

ತಮಿಳುನಾಡಿನ ಪಾಪಿರೆಡ್ಡಿಪಟ್ಟಿಯ ತಾಲ್ಲೂಕು ಕಚೇರಿಯ ಹೊರಗಿನ ಬೆಂಚಿನಲ್ಲಿ ನಾವು ಕೆಲವರು ಕಾಯುತ್ತಿದ್ದೆವು; ನನ್ನ ಪಕ್ಕದಲ್ಲಿ ಒಬ್ಬ ಕುರಿಗಾರನೂ ಕಾಲೇಜು ಸೇರಲಿರುವ ಅವನ ಕಿರಿಯ ಮಗಳೂ ಕುಳಿತಿದ್ದರು. ಕುಟುಂಬದಲ್ಲಿ ಈವರೆಗೆ ಯಾರೂ ಪದವಿ ಪಡೆದಿಲ್ಲವೆಂಬ ಪ್ರಮಾಣಪತ್ರ ದೊರೆತರೆ ಅವಳಿಗೆ ಶುಲ್ಕದಲ್ಲಿ ರಿಯಾಯಿತಿ ಸಿಗುತ್ತದೆ.

“ಅಪ್ಪಾ, ಮನೇಲಿ ಯಾರೂ ಡಿಗ್ರಿ ಓದಿಲ್ಲ ಅಂತ ನೀನೇ ಬಾಯಿಬಿಟ್ಟು ಯೋಳ್ಬೇಕಂತೆ.”

“ಒಳಗೆ ಕುಂತಿರೋ ಆಫೀಸರು ಯಾರು ಗೊತ್ತೇನವ್ವಾ? ನಿಮ್ಮಕ್ಕನ ಮಾವನ ತಮ್ಮ.”

“ಆದ್ರೇನು?”

“ಮದ್ವೆ ಪತ್ರಿಕೇಲಿ ‘ಅಂಬಿಕಾ, ಬಿ.ಎ.’ ಅಂತ ಆಕ್ಸಿದ್ನಲ್ಲ, ಅದ್ನ ಅವ್ನೂ ಓದವ್ನೆ.”

“ಅಕ್ಕ ಪ್ಲಸ್ ಟೂನೇ ಪಾಸಾಗಿಲ್ಲ! ಯಾಕಪ್ಪಾ ಆಕ್ಸಿದೆ?”

“ಮದ್ವೆಗಂಡು ಮಾಪಿಳ್ಳೆ ಎಸ್ರ ಪಕ್ಕ ಬಿ.ಕಾಂ. ಇತ್ತು, ನಿಮ್ಮಕ್ಕನ ಎಸ್ರ ಪಕ್ಕ ಬರೀ ಜಾಗ. ಏನಾಕ್ಲಿ ಅಂತ ಪ್ರೆಸ್ಸಿನೋನು ಕೇಳ್ದ. ಬಾಯಿಗೆ ಬಂದದ್ದು ಯೋಳ್ಬುಟ್ಟೆ.”

“ಅಕ್ಕನ ಮನೇರ್ಗೆ ಗೊತ್ತಿಲ್ವಾ?”

“ಅವ್ಳ ಗಂಡಂಗೆ ಗೊತ್ತು. ಮಿಕ್ಕೋರ್ಗೆ ಇವತ್ತು ಗೊತ್ತಾಯ್ತದೆ.”

“ಅಂಗಾದ್ರೆ ಬಾ, ಊರ್ಗೋಗಣ. ನಂಗೆ ಕಾಲೇಜು ಬ್ಯಾಡ, ವೇಂಡಾಂ.”

“ಸುಮ್ಕಿರು. ಸುಳ್ಳು ಯೋಳ್ದೋನು ನಾನು. ನಿನ್ನ ಓದು ಯಾಕೆ ನಿಲ್ಬೇಕು?”

ಹುಡುಗಿ ಕಚೇರಿಯ ಬಾಗಿಲ ಕಡೆ ಇಣುಕಿ ನೋಡಿದಳು.

“ಮೆತ್ತಗೆ ಯೋಳಪ್ಪಾ. ಪಕ್ಕಕ್ಕೋಗಿ, ಅವ್ನಿಗೊಬ್ನಿಗೇ ಕೇಳೋ ಅಂಗೆ.”

“ಅವ್ನಿಗೆ ಕಿವಿ ಮಂದ ಕಣವ್ವಾ.”

ಒಳಗಿನಿಂದ ಹೆಸರು ಕೂಗಿದರು. ತಂದೆ ಎದ್ದು ವಲ್ಲಿಯಿಂದ ಮುಖ ಒರೆಸಿಕೊಂಡು ಒಳಗೆ ಹೋದನು, ಮಗಳು ಹಿಂಬಾಲಿಸಿದಳು. ಬೆಂಚಿನಲ್ಲಿ ಉಳಿದ ನಾವು ನಾಲ್ವರೂ ನಮ್ಮ ನಮ್ಮ ಕಾಗದಗಳನ್ನು ಬಿಚ್ಚಿ, ಬಹಳ ಗಮನವಿಟ್ಟು ಓದತೊಡಗಿದೆವು.