ಹರಾಜುಕು, ಅಮ್ಮ ಬಂದ ಮೇಲೆ

"ಹಲೋ... ಹಲೋ, ಯಾರು ಮಾತಾಡುವುದು? ಗ್ರೀಷ್ಮಾನಾ? ಅಪ್ಪನ ಫೋನು ನಿನ್ನ ಕೈಗೆ ಹೇಗೆ ಬಂತು?"

...

"ಹಾಂ, ಊಟ ಆಯ್ತಾ?... ಎಂತ? ಇವತ್ತೂ ದಾಲ್ ರೈಸಾ? ಟೋಕಿಯೋಗೆ ಹೋಗಿ ದಿನಾ ದಾಲ್ ರೈಸಾ?"

ಕತಾರಿನ ಮೆಸಯೀದ್‌ನಲ್ಲಿ ಗಂಡನ ಕಂಪನಿ ಆಫೀಸಿನ ಮೆಟ್ಟಿಲ ಮೇಲೆ ನಿಂತಿದ್ದ ವಾರಿಜಾಕ್ಷಿಗೆ ಮೈಯೆಲ್ಲ ಉರಿದುಹೋಯಿತು. ಈ ಪ್ರವಾಸದ ಒಂದೊಂದು ಗಲ್ಲಿಯನ್ನೂ ಆರಿಸಿದವಳು ಅವಳು, ವಿಮಾನ ಹತ್ತಿದವರು ಮಾತ್ರ ಗಂಡ ಚನಿಯ ಮತ್ತು ಮಗಳು. ಏರ್‌ಪೋರ್ಟಿನಲ್ಲಿ ಚೀಲ ತೆರೆದರೆ ಪಾಸ್‌ಪೋರ್ಟ್ ಎರಡೇ! ವೀಸಾ ಆಗಿ ಬಂದಿದ್ದ ಅವಳದ್ದನ್ನು ಮಹಾಶಯ ಆಫೀಸಿನ ಡ್ರಾಯರಿನಲ್ಲೇ ಬಿಟ್ಟುಬಂದಿದ್ದ. ಡ್ರಾಯರಿನ ಕೀಲಿಕೈ ಕಂಪನಿಯ ಕಾಗದಪತ್ರ ನೋಡುವ ಸರ್ಫರಾಝನ ಜೇಬಿನಲ್ಲಿ, ಸರ್ಫರಾಝ್ ರಜೆಯ ಮೇಲೆ ಊರಿನಲ್ಲಿ. ನೀವು ಹೋಗಿರಿ, ನಾನು ಹಿಂದಿನಿಂದ ಬರುತ್ತೇನೆ ಎಂದು ಇಬ್ಬರನ್ನೂ ಅವಳೇ ಕಳಿಸಿದ್ದಳು.

...

"ಹರಾಜುಕುಗೆ ಹೋದ್ರಾ?... ಇಲ್ವಾ? ಆ ಬಟ್ಟೆ ಅಂಗಡಿಗಳ ಗಲ್ಲಿ, ಗುಲಾಬಿ ಕೂದಲಿನ ಹುಡುಗಿಯರು... ಒಂದೂ ನೋಡಿಲ್ವಾ?"

...

"ಮಾಲ್‌ಗೆ ಹೋದದ್ದಾ? ಮಾಲ್ ದೋಹಾದಲ್ಲಿ ಇಲ್ವಾ ಮಗಾ?"

...

"ಗುಳಿಯಪ್ಪದ ಕಾವಲಿಯಂಥದ್ರಲ್ಲಿ ಆಕ್ಟೋಪಸ್ ಹಾಕಿ ಮಾಡ್ತಾರಲ್ಲ, ಅದನ್ನಾದ್ರೂ ತಿಂದ್ರಾ?... ಅದೂ ಇಲ್ಲ. ಆ ಗಲ್ಲಿಯ ಪಕ್ಕದಲ್ಲೇ ಕಾಡಿನೊಳಗೆ ಗುಡಿ ಉಂಟಲ್ಲ, ಕೈ ತೊಳೆದು ಒಳಗೆ ಹೋಗುವುದು... ಖಲಾಸ್! ಫೋನ್ ಅಪ್ಪನಿಗೆ ಕೊಡು."

...

"ನೀವೆಂತ ಮಾರ್ರೆ? ನನ್ನ ಪಾಸ್‌ಪೋರ್ಟ್ ಮರೆತದ್ದು ಸಾಕಾಗ್ಲಿಲ್ವಾ? ಮಗಳನ್ನು ರೂಮಿನಲ್ಲಿ ಕೂಡಿಹಾಕಿ... ಎಂತ? ಇನ್ನೊಮ್ಮೆ ಹೇಳಿ."

...

"ನನಗೋಸ್ಕರವಾ?... ಗುಡಿಯ ಹೊರಗಿನ ಕಮಾನಿನವರೆಗೆ ಹೋಗಿ ವಾಪಸ್ ಬಂದದ್ದಾ? ನೋಡುವುದೆಲ್ಲ ಅಮ್ಮ ಬಂದ ಮೇಲೆಯೇ ಅಂತ ಯಾರು ಹೇಳಿದ್ದು? ಅವಳಾ?"

ಬೈಯಲು ಬಾಯಿ ತೆರೆದವಳು ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟಳು. ಸರ್ಫರಾಝ್ ಬರುವುದು ಭಾನುವಾರ, ಇವರು ಟೋಕಿಯೋ ಬಿಡುವುದು ಶನಿವಾರ. ಬೇರೆಯವರ ಪಾಸ್‌ಪೋರ್ಟುಗಳೂ ಇರುವ ಡ್ರಾಯರು, ಬೀಗ ಒಡೆಯುವಂತಿಲ್ಲ ಎಂದು ಮ್ಯಾನೇಜರ್ ಈಗಷ್ಟೇ ಕೈಚೆಲ್ಲಿದ್ದ. ಅದನ್ನು ಹೇಳಲೆಂದೇ ಅವಳು ಫೋನ್ ಮಾಡಿದ್ದು.

...

"ನನಗೆ ಟಿಕೆಟ್ ಆಯ್ತಾ ಅಂತನಾ?... ಕೇಳಿ ಇಲ್ಲಿ. ಪಾಸ್‌ಪೋರ್ಟ್ ಇಲ್ಲ, ಮಾಫಿ. ಸಿಗುವುದಿಲ್ಲ... ಅಲ್ಲ ಮಾರ್ರೆ, ನಾಳೆಯೂ ಇಲ್ಲ. ನಾನು ಬರುವುದಿಲ್ಲ."

...

"ಎಂತ, ಅಳ್ತಿದ್ದೀರಾ? ಅಳಬೇಕಾದವಳು ನಾನು. ನನಗೆ ಸಿಟ್ಟೇ ಇನ್ನೂ ಇಳಿದಿಲ್ಲ."

...

"ಯಲ್ಲಾ, ಏಳಿ ಏಳಿ, ಈಗಲೇ ಹೊರಡಿ. ಅವಳಿಗೆ ಆ ಗಲ್ಲಿಯಲ್ಲಿ ಒಂದು ಫ್ರಾಕ್ ತೆಗೆದುಕೊಡಿ... ಬೇಡ ಅಂತಾಳಾ? ಅಮ್ಮ ಬರ್ಲಿ ಅಂತಾಳಾ? ಫೋನ್ ಅವಳಿಗೇ ಕೊಡಿ, ನಾನು ಹೇಳ್ತೇನೆ. ಬೇಗ ಕೊಡಿ."

...

"ಮಗಾ, ನನ್ನನ್ನು ಕಾಯ್ಬೇಡ. ಎಲ್ಲ ನೋಡಿ ಬಾ. ಕೇಳಿತಾ?... ಹಲೋ? ಕಾಯ್ಬೇಡ ಅಂದೆ... ಹಲೋ, ಗ್ರೀಷ್ಮಾ... ಫೋನ್ ಇಟ್ಟೇಬಿಟ್ಟಳಾ?"