ಗುರುವಾರ ಬಂತಾ

“ಹೆಚ್ಚೆಂದರೆ ಒಂದು ಚಳಿಗಾಲ” ಅಂದಿದ್ದ ಪಕ್ಕದ ಜಮೀನಿನ ಮರ್ಡೊ ಪೆಟ್ರಿ, ನಾನು ಗುಡ್ಡ ಕೊಂಡಾಗ. ಉಣ್ಣೆ ಕತ್ತರಿಸುವ ಕೊಟ್ಟಿಗೆಯಲ್ಲಿ, ಹತ್ತು ಜನರ ಎದುರಿಗೆ, ನನಗೆ ಕೇಳಿಸಲಿ ಅಂತಲೇ. “ಆಮೇಲೆ ನೋಡ್ತಿರಿ, ಹುಹಾನಾ ಪೊರಕೆ ಹುಡುಕ್ಕೊಂಡು ಇಲ್ಲಿಗೇ ವಾಪಸ್ ಬರ್ತಾಳೆ.”

ಇಪ್ಪತ್ತೆರಡು ವರ್ಷ ಅಂಥ ಕೊಟ್ಟಿಗೆಗಳಲ್ಲಿ ಉಣ್ಣೆ ಗುಡಿಸಿದವಳು ನಾನು. ಮೂಟೆಗಳ ಮೇಲೆ ಒತ್ತಿದ ಅಕ್ಷರ ನೋಡಿ ನೋಡಿ ಓದು ಕಲಿತೆ. ತೈಹಾಪೆ ಊರಿನ ಆಚೆ ಹಾಲ್ಡೇನ್ ಗುಡ್ಡ ಮಾರಾಟಕ್ಕೆ ಬಂದಾಗ ಕ್ರಯಪತ್ರದ ಪ್ರತಿ ಪುಟವನ್ನೂ ನಾನೇ ಓದಿ ಸಹಿ ಹಾಕಿದೆ. ಯಾರೂ ಕೊಳ್ಳದ ಗುಡ್ಡ ಅದು. ಯಾಕೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಕೊಂಡೆ.

ಈಗ ಹೇಳುವುದು ನನ್ನ ಚಿಕ್ಕಮ್ಮನ ಮಗ ರಾವಿರಿಗೆ ಆದದ್ದು. ನನಗಿಂತ ಆರು ವರ್ಷ ಚಿಕ್ಕವನು. ಗುಡ್ಡ ಕೊಂಡ ದಿನದಿಂದ ನನ್ನ ಜೊತೆ ದುಡಿದವನು. ಕೊನೆಯ ಭಾಗಕ್ಕೆ ನಾನೇ ಸಾಕ್ಷಿ. ದೀಪ ಸ್ವಲ್ಪ ತಗ್ಗಿಸಿ... ಇದನ್ನು ಜೋರು ಬೆಳಕಿನಲ್ಲಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ಮೊದಲು ಹಾಲ್ಡೇನ್ ವಿಷಯ ಹೇಳಬೇಕು. ಒಂಟಿ ಮನುಷ್ಯ. ನಮ್ಮ ಕಡೆ ಪ್ರತಿ ಮನೆಯ ಅಡುಗೆಮನೆ ಬಾಗಿಲ ಪಕ್ಕ ಒಂದು ಹಲಗೆ ಇರುತ್ತದೆ. ಗುಡ್ಡಕ್ಕೆ ಹೋಗುವವರು ಎಲ್ಲಿಗೆ ಹೋಗುತ್ತೇವೆ ಅಂತ ಬರೆದು ಹೋಗಬೇಕು. ಒಂದು ಮಂಗಳವಾರ ಹಾಲ್ಡೇನ್ “ಹೊಳೆಬಯಲು” ಅಂತ ಬರೆದ. ಮುಳ್ಳುಪೊದೆಗೆ ಔಷಧಿ ಹೊಡೆಯಲು ನಾಲ್ಕು ಚಕ್ರದ ಬೈಕಿನ ಹಿಂದೆ ಟ್ಯಾಂಕು ಕಟ್ಟಿಕೊಂಡು ಹೊರಟ. ದಾರಿಯಲ್ಲಿ, ಜೌಗಿನ ಮೇಲಿನ ಇಳಿಜಾರಿನಲ್ಲಿ, ಒಂದು ಕುರಿ ಅಂಗಾತ ಬಿದ್ದು ಕಾಲು ಆಡಿಸುತ್ತಿತ್ತು. ಉಣ್ಣೆ ತುಂಬಿದ ಕುರಿ ಹಾಗೆ ಬಿದ್ದರೆ ತಾನಾಗಿ ಏಳಲಾರದು. ಎರಡು ನಿಮಿಷದ ಕೆಲಸ. ಎತ್ತಿ ನಿಲ್ಲಿಸಿದರಾಯಿತು. ಎರಡು ನಿಮಿಷದ ಕೆಲಸಕ್ಕೆ ಯಾರೂ ಮನೆಗೆ ವಾಪಸ್ ಹೋಗಿ ಹಲಗೆ ಅಳಿಸಿ ಬರೆಯುವುದಿಲ್ಲ.

ಇಳಿಜಾರನ್ನು ಅಡ್ಡಕ್ಕೆ ದಾಟುವಾಗ ಬೈಕು ಮಗುಚಿತು.

ವಾರಕ್ಕೊಮ್ಮೆ, ಗುರುವಾರ ಮಾತ್ರ ಬರುವ ಅಂಚೆಯವನು ನಾಯಿಗಳ ಬಟ್ಟಲು ಒಣಗಿದ್ದು ನೋಡಿ ಜನ ಸೇರಿಸಿದ. ಹಲಗೆ ನಂಬಿ ಇಡೀ ದಿನ ಹೊಳೆಬಯಲಿನಲ್ಲಿ ಹುಡುಕಿದರು. ಬೈಕಿನ ಕೆಳಗೆ ಅವನು ಸಿಕ್ಕಿದ್ದು ಶುಕ್ರವಾರ. ಗುರುವಾರ ಬೆಳಗಿನವರೆಗಾದರೂ ಜೀವ ಇದ್ದಿರಬೇಕು ಅಂದರು ಡಾಕ್ಟರು.

ಇಷ್ಟೇ. ನಾನು ಕೊಳ್ಳುವ ನಾಲ್ಕು ವರ್ಷ ಮೊದಲಿನ ಮಾತು.

ಮೇ ತಿಂಗಳ ಒಂದು ಶನಿವಾರ. ನಮ್ಮ ಕಡೆ ಅದು ಚಳಿಗಾಲದ ಶುರು, ಬೇಗ ಕತ್ತಲಾಗುವ ಕಾಲ. ರಾವಿರಿಯ ಬೈಕಿನಲ್ಲಿ ಗುಡ್ಡದ ನೆತ್ತಿಯ ಮೇಲೆ ಪೆಟ್ರೋಲು ಮುಗಿಯಿತು. ಬೈಕು ಅಲ್ಲೇ ಬಿಟ್ಟು ನಡೆದು ಬಂದ. ಜೊತೆಗೆ ನಾಯಿ. ಬೊಗಳಿ ಬೊಗಳಿ ಕುರಿ ಅಟ್ಟುವ ಜಾತಿ. ಬಾಯಿ ಮುಚ್ಚುವುದೆಂದರೆ ಗೊತ್ತಿಲ್ಲ ಅದಕ್ಕೆ.

ಜೌಗಿನ ಹೊಂಡದ ಹತ್ತಿರ ಒಂದು ಒಂಟಿ ಸೈಪ್ರೆಸ್ ಮರ ಇದೆ. ಅಲ್ಲಿಗೆ ಬಂದಾಗ ನಾಯಿ ಸುಮ್ಮನಾಯಿತು... ಕೂತುಬಿಟ್ಟಿತು.

ಇಳಿಜಾರಿನ ಮೇಲೆ ಒಂದು ಎಂಜಿನ್ನು. ಡಗ... ಡಗ... ಡಗ... ಮೊದಲ ಗೇರಿನಲ್ಲಿ, ನಿಧಾನವಾಗಿ. ಅಕ್ಕ ಪೆಟ್ರೋಲು ತರ್ತಿದ್ದಾಳೆ ಅಂದುಕೊಂಡನಂತೆ. ಕೈ ಬೀಸಿದ. ಆಮೇಲೆ ಯೋಚನೆ ಬಂತು. ದೀಪ ಯಾಕಿಲ್ಲ?

ಎಂಜಿನ್ನಿನ ಕೆಳಗೆ ಇನ್ನೊಂದು ಸದ್ದು. ಗುಳುಕ್... ಗುಳುಕ್...

ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರಲ್ಲ, ಗುಡ್ಡದ ಮೇಲೆ ಅದು ನೀತಿಯ ಮಾತಲ್ಲ, ಜೀವದ ಮಾತು. ತುಂಬಿದ ಟ್ಯಾಂಕು ಸದ್ದು ಮಾಡದೆ ಕೂತಿರುತ್ತದೆ. ಖಾಲಿಯದು ಹಗುರ. ಅರ್ಧ ತುಂಬಿದ್ದೇ ಕೆಟ್ಟದ್ದು. ಬೈಕು ಎತ್ತ ವಾಲಿತೋ ನೀರೂ ಅತ್ತಲೇ ಓಡುತ್ತದೆ. ಸವಾರ ಮೇಲಿನ ಬದಿಗೆ ಎಷ್ಟೇ ವಾಲಿ ಕೂತರೂ ಆ ನೀರು ಅವನನ್ನು ಕೆಳಕ್ಕೆ ಎಳೆಯುತ್ತದೆ.

ಸದ್ದು ಇಳಿಜಾರಿನ ಅಡ್ಡಕ್ಕೆ ಹೋಯಿತು. ನಿಂತಿತು. ಎಂಜಿನ್ನು ಒಮ್ಮೆ ಕಿರುಚಿತು, ಚಕ್ರ ನೆಲ ಬಿಟ್ಟಾಗ ಕಿರುಚುವ ಹಾಗೆ. ಆಮೇಲೆ ಧೊಪ್ಪ್... ಒಂದೇ ಸಲ. ಆಮೇಲೆ ಬಿಸಿ ಲೋಹ ಆರುವ ಸದ್ದು. ಟಿಕ್... ಟಿಕ್... ಟಿಕ್...

ರಾವಿರಿ ಓಡಿ ಹತ್ತಿದ. ಹೆದರಿ ತಿರುಗುವ ಜಾತಿ ಅಲ್ಲ ಅವನು. ಅಲ್ಲಿ ಬೈಕಿಲ್ಲ. ಚಕ್ರದ ಗುರುತೂ ಇಲ್ಲ. ಬರೀ ಹುಲ್ಲು. ಹುಲ್ಲಿನಿಂದ ಪೆಟ್ರೋಲಿನ ವಾಸನೆ. ಕಾಲಿನ ಹತ್ತಿರ, ನೆಲದ ಮಟ್ಟದಲ್ಲಿ, ಒಂದು ದನಿ. ಕೂಗಲಿಲ್ಲ. ಪಕ್ಕದ ಹಾಸಿಗೆಯವನನ್ನು ಕೇಳುವ ಹಾಗೆ, ಮೆಲ್ಲಗೆ...

“ಗುರುವಾರ ಬಂತಾ?”

ಆಗ ಓಡಿದ.

ನನ್ನ ಅಡುಗೆಮನೆಗೆ ಬಂದು ನಿಂತಾಗ ಅವನ ಮೊಣಕಾಲಿನವರೆಗೆ ಜೌಗಿನ ಕೆಸರು. ಎಲ್ಲ ಹೇಳಿದ. ನಾನು ಸ್ಟವ್ ಮೇಲಿನ ಕುರಿ ಸಾರು ತಿರುಗಿಸುತ್ತಾ ಕೇಳಿದೆ. ಮರ್ಡೊ ಮನೆಯಲ್ಲಿ ಎಷ್ಟು ಕುಡಿದೆ ಅಂತ ಕೇಳಿದೆ.  ಆ ಇಳಿಜಾರಿನ ಮೇಲೆ ಇನ್ನು ಬೈಕು ಒಯ್ಯುವುದಿಲ್ಲ, ಬೆನ್ನಿಗೆ ಕ್ಯಾನು ಕಟ್ಟಿಕೊಂಡು ನಡೆದೇ ಔಷಧಿ ಹೊಡೆಯುತ್ತೇನೆ ಅಂದ. ಇಲ್ಲವೇ ಬೈಕಿನ ಹಿಂದೆ ಕಮಾನು ಹಾಕಿಸು ಅಂದ. ಮಗುಚಿದರೂ ಸವಾರನ ಮೇಲೆ ಪೂರ್ತಿ ಬೀಳದಂತೆ ತಡೆಯುವ ಕಬ್ಬಿಣದ ಕಮಾನು ಅದು. ವರ್ಷದಿಂದ ಕೇಳುತ್ತಿದ್ದ. ನಾನು ವರ್ಷದಿಂದ ಬೇಡ ಅನ್ನುತ್ತಿದ್ದೆ. ಕಮಾನು ಹಾಕಿದರೆ ಮರ್ಡೊ ನಗುತ್ತಾನೆ, ಹೆಂಗಸಿಗೆ ತೊಟ್ಟಿಲು ಬೇಕಾಯ್ತು ಅನ್ನುತ್ತಾನೆ... ಅದೇ ನನ್ನ ಯೋಚನೆ. ಹೆಲ್ಮೆಟ್ಟು ಕೊಟ್ಟಿಗೆಯ ಮೊಳೆಗೆ ನೇತುಬಿದ್ದು ಎರಡು ವರ್ಷವಾಗಿತ್ತು. ಅದರಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ನಾವು ಆ ಮೊಟ್ಟೆ ತಿನ್ನುತ್ತಾ ನಗುತ್ತಿದ್ದೆವು.

ಸೋಮವಾರ ಮಧ್ಯಾಹ್ನ ಊಟವಾದ ಮೇಲೆ ಆ ಇಳಿಜಾರಿಗೆ ಹೋಗು ಅಂದೆ. ಅವನು ಬೆನ್ನಿನ ಕ್ಯಾನು ತೆಗೆದುಕೊಂಡ. ಅದರಲ್ಲಿ ನಾಳೆಯವರೆಗೂ ಹಿಡಿಯುತ್ತದೆ, ಮಳೆ ಬರುವ ಮೊದಲು ಮುಗಿಯಬೇಕು ಅಂದೆ. ಅವನು ಅಲ್ಲೇ ನಿಂತ. ಆಗ ನಾನು ಅಂದ ಮಾತು ಇದು. ಬೇರೆ ಯಾರೂ ಕೇಳಿಲ್ಲ. ಆದರೂ ಹೇಳುತ್ತೇನೆ.

“ನಿನ್ನ ಕೈಲಾಗಲ್ಲ ಅಂದ್ರೆ ಹೇಳು ರಾವಿರಿ. ನೈರಿನ ಕಳಿಸು.”

ನೈರಿ ಅವನ ಹೆಂಡತಿ. ಆಗ ಏಳು ತಿಂಗಳ ಬಸುರಿ.

ಅವನು ಕ್ಯಾನು ಕೆಳಗಿಟ್ಟ. ಟ್ಯಾಂಕನ್ನು ಬೈಕಿಗೆ ಕಟ್ಟಿದ. ನೀರಿನ ಕೊಳವೆ ಹಿಡಿದು ಕೇಳಿದ, “ಪೂರ್ತಿ ತುಂಬಿಸ್ಲಾ ಅಕ್ಕ?”

“ಇರೋದು ನಾಲ್ಕು ಪೊದೆ. ಔಷಧಿ ಬಿಟ್ಟಿ ಬರುತ್ತಾ? ಅರ್ಧ ಸಾಕು.”

ಅರ್ಧ ತುಂಬಿಸಿದ. ಹಲಗೆಯ ಮೇಲೆ ಬರೆದು ಹೋದ.

ಐದು ಗಂಟೆಗೆ ಕತ್ತಲಾಯಿತು. ಬರಲಿಲ್ಲ. ನನ್ನ ಮೇಲಿನ ಸಿಟ್ಟಿಗೆ ಬೈಕು ಬೇಲಿ ಹತ್ತಿರ ಬಿಟ್ಟು ನೇರ ಮನೆಗೆ ಹೋಗಿದ್ದಾನೆ ಅಂದುಕೊಂಡೆ. ಏಳಾಯಿತು. ಫೋನು ಮಾಡಬಹುದಿತ್ತು. ನಾನೇ ಮೊದಲು ಮಾತಾಡಿಸುವುದು ಯಾಕೆ? ಊಟ ಮಾಡಿದೆ. ಪುಸ್ತಕ ಹಿಡಿದು ಕೂತೆ. ಮಳೆ ಹನಿಯತೊಡಗಿತು. ಒಂಬತ್ತೂವರೆಗೆ ನೈರಿಯೇ ಫೋನು ಮಾಡಿದಳು. ದನಿಯಲ್ಲಿ ನಗು ಇತ್ತು.

“ಅಕ್ಕ, ನನ್ನ ಗಂಡನ್ನ ಊಟಕ್ಕೆ ನೀವೇ ಇಟ್ಕೊಂಡ್ರಾ? ಇಲ್ಲಿ ಆಲೂಗಡ್ಡೆ ತಣ್ಣಗಾಯ್ತು.”

ನನ್ನ ಕಣ್ಣು ಹಲಗೆಯ ಮೇಲೆ ಹೋಯಿತು. “ಜೌಗಿನ ಮೇಲಿನ ಇಳಿಜಾರು. ಎರಡು ಗಂಟೆ.” ಯಾವತ್ತೂ ಬರೆಯದಷ್ಟು ದಪ್ಪ ಅಕ್ಷರ.

ಮರ್ಡೊನನ್ನು ಕರೆಯಿರಿ ಅಂದಳು ನೈರಿ. ಹೂಂ ಅಂದೆ. ಕರೆಯಲಿಲ್ಲ. ಟಾರ್ಚು ಹಿಡಿದು ಒಬ್ಬಳೇ ಹೊರಟೆ. ಆ ಹೊತ್ತಿನಲ್ಲೂ ಮರ್ಡೊನ ಬಾಯಿಗೆ ಬೀಳುವುದು ನನಗೆ ಬೇಡವಾಗಿತ್ತು. ಅವನನ್ನು ಕರೆದದ್ದು ನೈರಿ. ನಾನಲ್ಲ.

ಸೈಪ್ರೆಸ್ ಮರದ ಹತ್ತಿರ ನಾಯಿ ಕೂತಿತ್ತು. ನೆನೆದು ತೊಪ್ಪೆಯಾಗಿತ್ತು. ಬೊಗಳಲಿಲ್ಲ. ನಾನು ನಿಂತೆ...

ಮೇಲೆ ಮಾತು ಕೇಳಿಸಿತು.

ಇಬ್ಬರು ಗಂಡಸರು. ಚಹಾ ಹೊತ್ತಿಗೆ ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತವರ ಹಾಗೆ, ಅವಸರ ಇಲ್ಲದ ಮಾತು. ಒಂದು ದನಿ ರಾವಿರಿಯದು. ಇನ್ನೊಂದು ವಯಸ್ಸಾದ ದನಿ. ಮರ್ಡೊ ನನಗಿಂತ ಮೊದಲೇ ಬಂದುಬಿಟ್ಟನಲ್ಲ ಅಂತ ಸಿಟ್ಟು ಬಂತು. ಸತ್ಯವಾಗಿ ಹೇಳುತ್ತೇನೆ, ಮೊದಲು ಬಂದದ್ದು ಸಿಟ್ಟು. ಹೆದರಿಕೆ ಅಲ್ಲ.

ಹತ್ತಿ ಟಾರ್ಚಿನ ಬೆಳಕು ಬಿಟ್ಟೆ. ಬೈಕು ಚಕ್ರ ಮೇಲೆ ಮಾಡಿ ಬಿದ್ದಿತ್ತು. ಅದರ ಕೆಳಗೆ ರಾವಿರಿ, ಸೊಂಟದವರೆಗೆ. ಕವುಚಿ ಮಲಗಿದ್ದ. ಗಲ್ಲ ಹುಲ್ಲಿಗೆ ತಾಗಿತ್ತು. ಬೇರೆ ಯಾರೂ ಇರಲಿಲ್ಲ. ಸುತ್ತ ನಾಲ್ಕೂ ಕಡೆ ಬೆಳಕು ಹಾಯಿಸಿದೆ... ಯಾರೂ ಇರಲಿಲ್ಲ.

ಇದನ್ನು ಗಮನವಿಟ್ಟು ಕೇಳಿ. ಬೈಕಿನ ತೂಕ ಮುನ್ನೂರು ಕಿಲೋ. ಟ್ಯಾಂಕು ಬೇರೆ. ಅಷ್ಟೂ ಅವನ ಸೊಂಟದ ಮೇಲೆ ಕೂತಿರಬೇಕಿತ್ತು. ಕೂತಿರಲಿಲ್ಲ. ಸೀಟಿಗೂ ಅವನ ಬೆನ್ನಿಗೂ ನಡುವೆ ನನ್ನ ಅಂಗೈಯಷ್ಟು ಜಾಗ ಇತ್ತು. ಕೈ ತೂರಿಸಿ ನೋಡಿದೆ. ಕಲ್ಲಿಲ್ಲ. ಮೋಟುಮರ ಇಲ್ಲ. ಬೈಕಿನ ಆಚೆ ಬದಿಯಲ್ಲಿ ಅವನ ಎರಡು ಬೂಟುಗಳೂ ಆಡುತ್ತಿದ್ದವು. ಕಣ್ಣಾರೆ ಕಂಡೆ. ಚಳಿಗೆ ಬೆರಳು ಆಡಿಸುತ್ತಾರಲ್ಲ, ಹಾಗೆ.

ನೋವಿದೆಯಾ ಅಂತ ಕೇಳಿದೆ. ಇಲ್ಲ, ಸಿಕ್ಕಿಹಾಕಿಕೊಂಡಿದ್ದೇನೆ ಅಷ್ಟೆ ಅಂದ. ನಾನು ಬಂದದ್ದಕ್ಕೆ ಅವನಿಗೆ ಅಚ್ಚರಿಯೂ ಇರಲಿಲ್ಲ, ಕೋಪವೂ ಇರಲಿಲ್ಲ. ಕಣ್ಣು ನನ್ನ ಭುಜದ ಆಚೆ ಇತ್ತು.

“ಗುರುವಾರ ಬಂತಾ ಅಂತ ಕೇಳ್ತಿದ್ದಾರೆ ಅಕ್ಕ. ಮಧ್ಯಾಹ್ನದಿಂದ ಕೇಳ್ತಾನೇ ಇದ್ದಾರೆ. ಇನ್ನೂ ಇಲ್ಲ ಅಂತ ಹೇಳ್ತಾ ಬಂದೆ... ಈಗ ಏನ್ ಹೇಳ್ಲಿ?”

ಬಂತು ಅಂದರೆ ಏನಾಗುತ್ತದೆ ಅಂತ ಅವನಿಗೆ ಗೊತ್ತಿತ್ತು ನೋಡಿ. ಎಂಟು ಗಂಟೆ ಹೊತ್ತು ಅವನು “ಇನ್ನೂ ಇಲ್ಲ” ಅನ್ನುತ್ತಾ ಬಂದಿದ್ದ. ನಾನು ಯೋಚಿಸಲಿಲ್ಲ. ಯಾರೇ ಏನೇ ಕೇಳಿದರೂ ನನ್ನಲ್ಲಿ ಉತ್ತರ ಸಿದ್ಧ ಇರುತ್ತದೆ. ಇವನ ತಲೆ ಕೆಟ್ಟಿದೆ, ಸುಮ್ಮನಾಗಿಸಬೇಕು, ಅಷ್ಟೇ ನನಗೆ ತೋಚಿದ್ದು.

“ಬಂತು ಅಂತ ಹೇಳು” ಅಂದೆ.

ರಾವಿರಿ ನನ್ನ ಮುಖ ನೋಡಿದ. ಆಮೇಲೆ ಕತ್ತಲಿಗೆ ಹೇಳಿದ. “ಬಂತಂತೆ.”

ಯಾರೋ ಉಸಿರು ಬಿಟ್ಟರು. ಉದ್ದವಾಗಿ... ದಿನದ ಕೆಲಸ ಮುಗಿಸಿ ಬೂಟು ಬಿಚ್ಚುವವನ ಉಸಿರು. ನನ್ನ ಎಡಕಿವಿಯ ಪಕ್ಕದಲ್ಲೇ.

ಆಮೇಲೆ ಟ್ಯಾಂಕಿನ ನೀರು ಗುಳುಕ್ ಅಂತು. ಬೈಕು ಇಳಿಯಿತು.

ಬೀಳಲಿಲ್ಲ. ಎತ್ತಿ ಹಿಡಿದವರು ಕೈ ಬಿಟ್ಟ ಹಾಗೆ ಇಳಿಯಿತು. ಸ್ಪ್ರಿಂಗು ಕಿರ್ರ್ ಅಂತು. ಅದರ ಹಿಂದೆಯೇ ಇನ್ನೊಂದು ಸದ್ದು. ಹಸಿ ಕಟ್ಟಿಗೆಯನ್ನು ಮೊಣಕಾಲಿಗೆ ಒತ್ತಿ ಮುರಿದರೆ ಬರುತ್ತದಲ್ಲ, ಅದು. ಬೂಟುಗಳು ನಿಂತುಹೋದವು.

ನಾನು ಭುಜ ಕೊಟ್ಟೆ. ಮಂಡಿಯೂರಿ, ಸೀಟಿನ ಅಂಚಿಗೆ ಭುಜ ಕೊಟ್ಟು, ಮರ್ಡೊನ ಟ್ರ್ಯಾಕ್ಟರಿನ ದೀಪ ಕಾಣುವವರೆಗೆ ಹಾಗೇ ಹಿಡಿದೆ. ಇಪ್ಪತ್ತು ನಿಮಿಷವಂತೆ. ಒಂದು ಬೆರಳಿನಷ್ಟೂ ಎತ್ತಲಾಗಲಿಲ್ಲ. ಇನ್ನೂ ಇಳಿಯದ ಹಾಗೆ ತಡೆದೆ ಅಷ್ಟೆ.

ಮರ್ಡೊ ಸರಪಳಿ ಹಾಕಿ ಎತ್ತಿದ. ಹೆಲಿಕಾಪ್ಟರು ಬಂತು. ಬೆಳಗಿನ ಜಾವ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಹೊರಗೆ ಕರೆದು, ಇವರು ಎಷ್ಟು ಹೊತ್ತು ಕೆಳಗಿದ್ದರು ಅಂತ ಕೇಳಿದರು. ಎಂಟು ಗಂಟೆ ಅಂದೆ. ಅವರು ತಲೆ ಅಲ್ಲಾಡಿಸಿದರು. ಬೆನ್ನುಮೂಳೆ ಮುರಿದು ಅಷ್ಟು ಹೊತ್ತಾಗಿಲ್ಲ ಅಂದರು. ಗಾಯ ಹೊಸದು. ಬಹಳ ಹೊಸದು.

ಅವನ ಬಟ್ಟೆಯ ಚೀಲ ಹಿಡಿದು ಮನೆಗೆ ಬಂದೆ.

ರಾವಿರಿ ಬದುಕಿದ. ನಾನೇ ಕೇಳದಿದ್ದರೂ ಒಂದು ದಿನ ತಾನಾಗಿ ಹೇಳಿದ, “ನೀನು ತಪ್ಪು ಮಾಡ್ಲಿಲ್ಲ ಅಕ್ಕ. ಅವರಿಗೂ ಸಾಕಾಗಿತ್ತು.” ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೈರಿ ಮಗುವನ್ನು ಎತ್ತಿಕೊಂಡು ನನ್ನ ಎದುರಿಗೇ ಮಾತಾಡಿಸದೆ ಹಾದು ಹೋಗುತ್ತಾಳೆ. ಮಗುವಿಗೆ ಈಗ ಮೂರು ವರ್ಷ. ಅದರ ದನಿ ನನಗೆ ಗೊತ್ತಿಲ್ಲ. ಕಳೆದ ಚಳಿಗಾಲ ಮರ್ಡೊ ಪೆಟ್ರಿ ಬೇಲಿಯ ಆಚೆಯಿಂದ ಕರೆದು, ತನ್ನ ಮಾತು ಸುಳ್ಳಾಯಿತು, ಈ ಗುಡ್ಡ ನಡೆಸಲು ನೀನೇ ಸರಿ ಅಂದ. ಅದಕ್ಕಾಗಿ ಏಳು ವರ್ಷ ಕಾದಿದ್ದೆ. ತಲೆ ಆಡಿಸಿ ಮನೆಗೆ ಬಂದೆ.

ಈಗ ನನ್ನ ಹೆಸರಿನಲ್ಲಿ ಒಂಬೈನೂರು ಎಕರೆ ಗುಡ್ಡ ಇದೆ. ಎರಡು ಸಾವಿರದ ನೂರು ಕುರಿ. ಐದು ನಾಯಿ. ಸೋರದ ಮನೆ. ಕಮಾನು ಹಾಕಿದ ಎರಡು ಬೈಕು. ಇಷ್ಟಕ್ಕೂ ಕೊಟ್ಟದ್ದು ರಾವಿರಿಯ ಸೊಂಟದಿಂದ ಕೆಳಗಿನದೆಲ್ಲ.

ಇನ್ನೊಂದು ವಸ್ತು ಇದೆ. ಆಸ್ಪತ್ರೆಯವರು ಅವನ ಬಟ್ಟೆ ಬಿಚ್ಚಿ ಚೀಲದಲ್ಲಿ ಕೊಟ್ಟರಲ್ಲ, ಅದರಲ್ಲಿ ಒಂದು ದಪ್ಪ ಉಣ್ಣೆಯ ಅಂಗಿ. ಹಸಿರು ಚೌಕಳಿ. ಅವನ ಬೆನ್ನ ಮೇಲೆ ಹೊದಿಸಿತ್ತು; ಟಾರ್ಚಿನ ಬೆಳಕಿನಲ್ಲಿ ಅವನದೇ ಅಂದುಕೊಂಡಿದ್ದೆ. ಅದು ರಾವಿರಿಯದಲ್ಲ, ನನ್ನದಲ್ಲ, ಮರ್ಡೊನದೂ ಅಲ್ಲ. ಒಗೆದು ಹಗ್ಗಕ್ಕೆ ಹಾಕಿದೆ. ಅದಾಗಿ ಮೂರು ಬೇಸಿಗೆ ಕಳೆದವು. ಒಲೆಯ ಪಕ್ಕ ಹರಡಿಯೂ ನೋಡಿದೆ. ಎಡ ತೋಳು ಇನ್ನೂ ಒದ್ದೆ. ಅಗೋ, ಬಾಗಿಲ ಹಿಂದೆ ಇದೆ. ನಂಬದಿದ್ದರೆ ಮುಟ್ಟಿ ನೋಡಿ.