ಹಕ್ಕಿಗೆ ಒಂದು ಗೇಣು ದೂರ

ನಗಬ್ಯಾಡ ಸುಕನ್ಯಾ! ಮಷ್ಕಿರಿ ಮಾಡಾಕತ್ತಿಲ್ಲ ನಾ. ಆ ಕವಳಿ ಗಿಡ ಇವತ್ತ ಕಡಿಸು. ಬಾರಿ ಹಣ್ಣಿನ ಗಿಡಾನೂ. ಕಟಿಗಿ ಕಡಿಯೋ ಶಾವಲಿಗೆ ಹೇಳಿ ಕಳಿಸೀನಿ, ಕೊಡ್ಲಿ ತಗೊಂಡು ಬರ್ತಾನ.

ಏನು ಸೊಸಿ ಬೇ ನೀ! ಮಂದಿ ಹಿತ್ತಲದಾಗ ಮಲ್ಲಿಗಿ ಹಚ್ತಾರ, ಕರಿಬೇವು ಹಚ್ತಾರ. ನೀ ಮಸ್ಕಿ ಗುಡ್ಡದಾಗಿನ ಮುಳ್ಳು ಕಿತ್ತು, ಬಸ್ಸಿನಾಗ ತೊಡಿ ಮ್ಯಾಲ ಇಟ್ಕೊಂಡು ಬಂದಿ! ಯಾಕ? ಹಕ್ಕಿ ಬರಲಿ ಅಂತ. ಥೂ! ಅಲ್ಲಿ ಗೊರೇಬಾಳದಾಗ ನೆಲ್ಲಿನ ಗದ್ದಿ ಮ್ಯಾಲ ಹೊಳಿಯೋ ಪಟ್ಟಿ ಕಟ್ಟಿ, ಡಬ್ಬಿ ಬಡದು ಹಕ್ಕಿ ಓಡಸಾಕತ್ತಾರ. ಇಲ್ಲಿ ಸಿಂಧನೂರಾಗ ನನ್ನ ಸೊಸಿ ಹಕ್ಕೀನ್ನ ಊಟಕ್ಕ ಕರೀತಾಳ! ಬರ್ರಿ, ಕುಂದರ್ರಿ, ಹಣ್ಣು ತಿನ್ರಿ... ಹೋಗಾಗ ನಮ್ಮತ್ತಿ ಸಂಡಿಗಿ ಮ್ಯಾಲ ಹೇತು ಹೋಗ್ರಿ!

ಏನಂದಿ? ಫೋಟೋನಾ? ನಿಮ್ಮ ಆಫೀಸಿನವರು ನೋಡಿ ಚಂದ ಅದಾವ ಅಂದರಾ? ಬಂದು ನನ್ನ ಸಂಡಿಗಿ ಆರಿಸಿಕೊಡ್ತಾರೇನು ಅವರು?

ನನಗ ಹಕ್ಕಿ ತೋರಸಾಕ ಬರಬ್ಯಾಡ. ಎಂಟು ವರ್ಷದ ಹುಡುಗಿ ಇದ್ದಾಗಿಂದ ಸಾಲಗುಂದದಾಗ ಜ್ವಾಳದ ಹೊಲ ಕಾದಾಕಿ ನಾ. ಅಟ್ಟಣಿಗಿ ಮ್ಯಾಲ ನಿಂತು ಕವಣಿ ಬೀಸಿದೆ ಅಂದರ... ಸುಂಯ್! ಹೊಲದಾಗಿನ ಹಕ್ಕಿ ಅಷ್ಟೂ ಎದ್ದು ಹೋಗ್ತಿದ್ದವು. ಕಲ್ಲು ಹಕ್ಕಿಗೆ ಒಂದು ಗೇಣು ದೂರ ಬೀಳಬೇಕು, ತಿಳೀತಾ? ಗೇಣು! ಅದು ಕೈ ಅಂದರ. "ಎಬ್ಬಸವ್ವ, ಕೊಲ್ಲಬ್ಯಾಡ, ಅದಕ್ಕೂ ಹೊಟ್ಟಿ ಐತಿ" ಅಂತಿದ್ದ ನಮ್ಮಪ್ಪ. ಇಷ್ಟು ವರ್ಷದಾಗ ಒಂದು ಪುಕ್ಕ ಉದುರಿಸಿಲ್ಲ ನಾ. ಒಂದು!

ಎಲ್ಲಿ ಹೊಂಟಿ? ಹಿತ್ತಲ ಬಾಗಲ ತಗೀಬ್ಯಾಡ... ತಗದಿ ಬಿಡು, ನನ್ನ ಮಾತು ಯಾವಾಗ ಕೇಳೀದಿ!

ಹ್ಞೂಂ, ಒದರಾಕತ್ತೈತಿ. ಅದ ನಿನ್ನ ಜುಟ್ಟಿನ ಹಕ್ಕಿ. ಮುಂಜಾನಿಂದ ಅದ ರಾಗ, ತಲಿ ಚಿಟ್ಟ ಹಿಡದೈತಿ. ಅದಕ್ಕ ಕಡಿಸು ಅಂದೆ. ಗಿಡಾನ ಇಲ್ಲಂದರ ಎಲ್ಲಿ ಕುಂತು ಒದರ್ತೈತಿ?

ಜೋಡಿ? ಜೋಡಿ ಎಲ್ಲೈತಿ ಅಂದರ ನನಗೇನು ಗೊತ್ತು! ಲಿಂಗಸೂಗೂರು ಸಂತಿಗೆ ಹೋಗಿರಬೇಕು!

ಯಾಕ... ಗ್ವಾಡಿ ಮ್ಯಾಲ ಏನು ನೋಡ್ತಿ? ಕವಣಿನಾ? ಟ್ರಂಕಿನಾಗ ಇತ್ತು, ಹೌದು. ನುಸಿ ಹತ್ತೀತು ಅಂತ ಬಿಸಲಿಗೆ ಹಾಕೀನಿ. ಹಾಕಬಾರದೇನು?

ಅಲ್ಲಿ ಗಿಡದ ಬುಡಕ ಯಾಕ ಕುಂತಿ? ಮಣ್ಣು ಹಸಿ ಇದ್ದರ ಇರ್ತೈತಿ. ನೀರು ಹಾಕಿರ್ತೀನಿ... ಕೆದರಬ್ಯಾಡ ಸುಕನ್ಯಾ. ಬ್ಯಾಡ.

ಬೈಯಿ ಬೇಕಾದರ. ಹಂಗ ನೋಡಬ್ಯಾಡ.

ಗೇಣು ದೂರಾನ ಒಗದೆ ಬೇ, ನಮ್ಮಪ್ಪನ ಆಣಿ. ಸಂಡಿಗಿ ಮ್ಯಾಲಿಂದ ಎಬ್ಬಸಾಕ, ಅಷ್ಟ... ಕೈ ನಡುಗ್ತು. ಈ ಕೈ!

ಗಿಡದಾಗ ಗೂಡು ಐತೇನು ನೋಡು. ಮರಿ ಅದಾವೇನು... ನನಗ ನೋಡಾಕ ಧೈರ್ಯ ಆಗಲಿಲ್ಲ.

ಅದಾವಾ?

ಶಾವಲಿಗೆ ಫೋನ್ ಹಚ್ಚವ್ವ. ಬರಬ್ಯಾಡ ಅನ್ನು.